ಒಂಬತ್ತು ಪ್ಯಾಂಟು, ಎರಡು ನೀಲಿ

ಸತ್ಯವನ್ನು ಎಷ್ಟು ಆಳದಲ್ಲಿ ಹೂತರೂ ಅದು ಒಂದಲ್ಲ ಒಂದು ದಿನ ಹೊರಗೆ ಬಂದೇ ಬರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಮಾಡಿದವರಲ್ಲ. ಆಂಧ್ರದ ಗಡಿಯ ರಾಯದುರ್ಗದಲ್ಲಿ ಇಪ್ಪತ್ತೊಂಬತ್ತು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತ ನಾನು ಕಂಡಂತೆ, ಎಷ್ಟೋ ಸುಳ್ಳುಗಳು ಇಸ್ತ್ರಿ ಮಾಡಿಸಿಕೊಂಡು, ಗುಂಡಿ ಬಡಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಲಾರಿ ಹತ್ತಿ ಪರರಾಜ್ಯಕ್ಕೆ ಹೋಗಿ, ಯಾರದೋ ಸೊಂಟದ ಮೇಲೆ ನೆಮ್ಮದಿಯಾಗಿ ಬಾಳಿ ಸವೆದಿವೆ. ಹೊರಗೆ ಬರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ತಪ್ಪು ಮಾಡಿದವರನ್ನು ಹಿಡಿಯುವುದು ಹೇಗೆ? ಏಕೆಂದರೆ ಚೆಕಿಂಗ್ ಎಂದರೆ ಹೊಲಿದ ಪ್ಯಾಂಟನ್ನು ತಿರುವಿ ಹಾಕಿ, ಬಿಟ್ಟ ಹೊಲಿಗೆ, ಸೊಟ್ಟ ಜೇಬು, ಕಚ್ಚದ ಜಿಪ್ಪು ಹುಡುಕಿ, ಹೊಲಿದವರಿಗೆ ವಾಪಸು ಕೊಡುವುದು. ಇದರಲ್ಲಿ ಪ್ಯಾಂಟು ನೋಡುವುದು ಕಾಲು ಭಾಗ. ಉಳಿದ ಮುಕ್ಕಾಲು ಭಾಗ, ‘ಇದು ನಾ ಹೊಲಿದಿದ್ದಲ್ಲ ಬಿಡ್ರಿ’ ಎಂಬ ಮಾತನ್ನು ಮೂವತ್ತು ಬಾಯಿಂದ ಮೂವತ್ತು ರಾಗದಲ್ಲಿ ಕೇಳುವುದು. ಆ ಮುಕ್ಕಾಲು ಭಾಗದ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಶಾಲು ಒಂದೇ, ಅದರ ಅಂಚಿನ ಹೊಲಿಗೆ ಬಿಟ್ಟಿತ್ತು.

ನನಗೆ ಕೀರ್ತಿ ತಂದ ಮೊದಲ ಕೇಸು ಹನುಮಂತನದು. ಬೆಳುಗುಪ್ಪ ಕಡೆಯವನು, ಬೆಲ್ಟು ಪಟ್ಟಿ ಹೊಲಿಯುವುದರಲ್ಲಿ ಯೂನಿಟ್ಟಿಗೇ ಮೊದಲಿಗ. ಒಮ್ಮೆ ನಾಲ್ಕು ದಿನ ನಾಪತ್ತೆಯಾಗಿ ಬಂದ. ಹೆಂಡತಿಗೆ ಜ್ವರ ಏರಿತ್ತು, ಬಳ್ಳಾರಿ ಆಸ್ಪತ್ರೆಯಲ್ಲಿ ಮಲಗಿಸಿದ್ದೆ, ಮಂಚದ ಪಕ್ಕ ಬಿಟ್ಟು ಕದಲಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ಅಕ್ಕಪಕ್ಕದ ಹೆಂಗಸರು ಲೊಚಗುಟ್ಟಿದರು. ನಾನು ಅವನ ಕೈ ನೋಡಿದೆ. ಬೆರಳ ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು, ಉಗುರು ಸವೆದು ಚರ್ಮಕ್ಕೆ ಇಳಿದಿತ್ತು. ಆಸ್ಪತ್ರೆಯೊಳಗೆ ಶೇಂಗಾ ಬೆಳೆಯುತ್ತಾರೇನಪ್ಪ ಎಂದೆ. ಹನುಮಂತ ಕಣ್ಣೊರೆಸಿಕೊಂಡು, ಸ್ವಲ್ಪವೂ ನಾಚದೆ ನನ್ನನ್ನೇ ಕೇಳಿದ:

“ಶೇಂಗಾ ಕೀಳಾಕ ಹೊಕ್ಕೀನಿ ಅಂದಿದ್ರ ರಜಾ ಕೊಡ್ತಿದ್ರೇನ್ರಿ ಮಾಸ್ತರ?”

“ಇಲ್ಲ.”

“ಅದಕ್ಕ ಆಕಿಗೆ ಜರ ಬರಿಸಿದ್ನ್ರಿ.”

ಇದರಲ್ಲಿ ದೊಡ್ಡ ಪಾಠವಿತ್ತು. ನಿಜ ಹೇಳಿದವನಿಗೆ ರಜೆ ಇಲ್ಲ, ಸುಳ್ಳು ಹೇಳಿದವನಿಗೆ ಇದೆ ಎಂದ ಮೇಲೆ, ಸುಳ್ಳನ್ನು ಬಿತ್ತಿದವರು ನಾವೇ ಎಂಬ ಪಾಠ. ಆದರೆ ಅಂದು ನಾನು ಕಲಿತದ್ದು, ನಾನು ಬಹಳ ಬುದ್ಧಿವಂತ ಎಂಬುದನ್ನು. ಯೂನಿಟ್ಟಿನ ಹೆಂಗಸರು ನನಗೆ ಎಕ್ಸ್‌ರೇ ಮಾಸ್ತರ ಎಂದು ಹೆಸರಿಟ್ಟರು. ಅವರು ನಗುತ್ತಾ ಇಟ್ಟ ಹೆಸರನ್ನು ನಾನು ಗಂಭೀರವಾಗಿ ಸ್ವೀಕರಿಸಿದೆ. ಮನುಷ್ಯನ ಪತನ ಇಂಥ ಕಡೆಯೇ ಶುರುವಾಗುವುದು.

ನನ್ನದೇ ಒಂದು ಸುಳ್ಳನ್ನೂ ಇಲ್ಲಿ ದಾಖಲಿಸಬೇಕು. ಇಲ್ಲದಿದ್ದರೆ ಈ ಬರಹದಲ್ಲಿ ಸುಳ್ಳುಗಾರರೆಲ್ಲ ಬೇರೆಯವರೇ ಆಗಿಬಿಡುತ್ತಾರೆ. ಮಾಲು ಕೊಳ್ಳುವವರ ಕಡೆಯಿಂದ ಒಬ್ಬ ತೆಳ್ಳನೆಯ ಮನುಷ್ಯ ಪರೀಕ್ಷೆಗೆ ಬಂದಿದ್ದ. ಎಲ್ಲ ಜಿಪ್ಪೂ ಎಳೆದು ನೋಡಿದ್ದೀರಾ ಎಂದು ಕೇಳಿದ. ನೋಡಿದ್ದೇವೆ ಎಂದೆ, ಅವನ ಕಣ್ಣಲ್ಲಿ ಕಣ್ಣಿಟ್ಟು, ಎದೆಯ ಮೇಲೆ ಕೈಯಿಟ್ಟು. ಹತ್ತಕ್ಕೆ ಒಂದನ್ನು ನೋಡಿದ್ದೆವು. ಅವನು ನನ್ನ ಮುಖದ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡೆಯ ಮೇಲಿನ ಪ್ಯಾಂಟುಗಳನ್ನು ಬದಿಗೆ ಸರಿಸಿ, ತಳದಿಂದ ಐದನ್ನು ಎಳೆದ. ಐದರಲ್ಲಿ ಮೂರು ಜಿಪ್ಪು ಅರ್ಧ ದಾರಿಯಲ್ಲಿ ಮುಷ್ಕರ ಹೂಡಿದವು. ಒಳ್ಳೆಯದನ್ನೇ ಮೇಲೆ ಜೋಡಿಸಿದ್ದು ಯಾರು ಎಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅಂದಿನಿಂದ ನಾನೂ ಗುಡ್ಡೆಯನ್ನು ತಳದಿಂದ ನೋಡಲು ಶುರುಮಾಡಿದೆ. ಮನುಷ್ಯರನ್ನು ಮಾತ್ರ ಮೇಲಿನಿಂದಲೇ ನೋಡುತ್ತಿದ್ದೆ.

ಯಂತ್ರ ಬಂದರೆ ಸುಳ್ಳು ನಿಲ್ಲುತ್ತದೆ ಎಂಬ ನಂಬಿಕೆಯೂ ಒಂದು ಕಾಲಕ್ಕೆ ಬಂತು. ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಮಿಷನ್ ಇಟ್ಟರು. ತಡವಾಗಿ ಬರುವ ಕಳ್ಳರ ಹೆಬ್ಬೆಟ್ಟನ್ನು ಅದು ತಕ್ಷಣ ಗುರುತಿಸುತ್ತಿತ್ತು. ಆದರೆ ದಿನವಿಡೀ ದಾರ ಕತ್ತರಿಸಿ, ಒರಟು ಬಟ್ಟೆ ತಿಕ್ಕಿ ಬೆರಳ ಗೆರೆಯೇ ಅಳಿಸಿಹೋದ ಹೆಂಗಸರನ್ನು ಮಾತ್ರ ‘ಮತ್ತೆ ಪ್ರಯತ್ನಿಸಿ’ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಹೆಚ್ಚು ದುಡಿದವರೇ ಹೆಚ್ಚು ಅನುಮಾನಾಸ್ಪದ. ಆರು ತಿಂಗಳಿಗೆ ಅದರ ಪಕ್ಕ ಒಂದು ಹಾಜರಿ ಪುಸ್ತಕ ಇಟ್ಟರು, ಇನ್ನಾರು ತಿಂಗಳಿಗೆ ಪುಸ್ತಕದ ಮೇಲೆ ಮಿಷನ್ ಇಟ್ಟರು, ಗಾಳಿಗೆ ಹಾಳೆ ಹಾರದಿರಲೆಂದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಮಿಷನ್ನಿಗಿಂತ ಮೊದಲಿನದು, ನನ್ನ ಕೀರ್ತಿ ನೆತ್ತಿಗೇರಿದ್ದ ಕಾಲದ್ದು.

ಆಗ ನಮಗೊಬ್ಬ ಹೊಸ ಮ್ಯಾನೇಜರು ಬಂದಿದ್ದರು, ಕರಾವಳಿ ಆಂಧ್ರದವರು. ಎಲ್ಲೋ ಮೂರು ದಿನದ ತರಬೇತಿ ಮುಗಿಸಿ, ಸುಳ್ಳುಗಾರರ ಲಕ್ಷಣಗಳನ್ನು ಕಲಿತು ಬಂದರು. “ಕಳ್ಳಲ್ಲೋಕಿ ಚೂಡಂಡಿ ಮಾಸ್ಟಾರೂ, ಅಬದ್ಧಂ ಅಕ್ಕಡೇ ಉಂಟುಂದಿ,” ಎನ್ನುತ್ತಿದ್ದರು. ಕಣ್ಣೊಳಗೆ ನೋಡಿ, ಸುಳ್ಳು ಅಲ್ಲೇ ಇರುತ್ತದೆ ಎಂದು. ಕಣ್ಣು ತಪ್ಪಿಸುವುದು ಒಂದನೆಯ ಲಕ್ಷಣ, ಎಂಜಲು ನುಂಗುವುದು ಎರಡನೆಯದು, ಮೂಗು ಮುಟ್ಟಿಕೊಳ್ಳುವುದು ಮೂರನೆಯದು. ನಾನು ಮೂರನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಜೀನ್ಸಿನ ದೂಳು ತುಂಬಿದ ಯೂನಿಟ್ಟಿನಲ್ಲಿ ಮೂಗು ಮುಟ್ಟಿಕೊಳ್ಳದವರು ಯಾರೂ ಇರಲಿಲ್ಲವಾದ್ದರಿಂದ ಮೂರನೆಯದನ್ನು ಹೊಡೆದುಹಾಕಿದೆ. ಉಳಿದೆರಡನ್ನು ವೇದವೆಂದು ಭಾವಿಸಿದೆ.

ಆ ಹೊತ್ತಿಗೆ ಸೈಡ್ ಹೊಲಿಗೆಗೆ ಸೇರಿದವಳು ರತ್ನಮ್ಮ. ಪ್ಯಾಂಟಿನ ಮುಂಭಾಗವನ್ನೂ ಹಿಂಭಾಗವನ್ನೂ ಪಕ್ಕದಲ್ಲಿ ಕೂಡಿಸುವ ಹೊಲಿಗೆ ಅದು. ಹುಟ್ಟಿದ್ದು ಮಡಕಶಿರಾ ಕಡೆ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಡಿ. ಹಿರೇಹಾಳ್ ಮಂಡಲದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದಳು. ಅವಳು ಶೇಂಗಾಕ್ಕೆ ಕಡ್ಲೆಕಾಯಿ ಅಂದರೆ ಇಡೀ ಸಾಲು ನಗುತ್ತಿತ್ತು. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು, ಹಬ್ಬಕ್ಕಷ್ಟೇ ಬರುತ್ತಿದ್ದ. ಮೂರು ವರ್ಷದ ಒಂದು ಹೆಣ್ಣು ಮಗು. ರತ್ನಮ್ಮನ ಮೂರು ತಿಂಗಳ ಟ್ರಯಲ್ ಮುಗಿದು ಕೆಲಸ ಖಾಯಂ ಆದರೆ, ಗಂಡ ವಾಪಸು ಬಂದು ನಮ್ಮಲ್ಲೇ ಇಸ್ತ್ರಿ ಸೆಕ್ಷನ್ನಿಗೆ ಸೇರುವುದು, ರಾಯದುರ್ಗದಲ್ಲೇ ಒಂದು ರೂಮು ಹಿಡಿದು ಮೂವರೂ ಒಟ್ಟಿಗಿರುವುದು ಎಂದು ಮಾತಾಗಿತ್ತು. ಆಗದಿದ್ದರೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ರತ್ನಮ್ಮನೂ ಸೋಮವಾರ ಬೆಂಗಳೂರಿನ ಬಸ್ಸು ಹತ್ತುವುದು. ಇದನ್ನೆಲ್ಲ ಅವಳ ಅತ್ತೆ ನನ್ನ ಹೆಂಡತಿಗೆ ಹೇಳಿದ್ದರಿಂದ ನನಗೆ ಗೊತ್ತಿತ್ತು. ಟ್ರಯಲ್ ಮುಗಿಯುವುದು ಶನಿವಾರ.

ಬುಧವಾರ ವಾಷಿಂಗ್‌ನಿಂದ ಒಂದು ಲಾಟು, ಅಂದರೆ ಒಟ್ಟಿಗೆ ಕತ್ತರಿಸಿ ಹೊಲಿದ ಪ್ಯಾಂಟುಗಳ ಗುಂಪು, ತೊಳೆದು ಬಂತು. ಇಲ್ಲಿ ಹೊಸಬರು ಒಂದು ವಿಷಯ ತಿಳಿಯಬೇಕು. ಜೀನ್ಸ್ ಬಟ್ಟೆ ತೊಳೆಯುವ ತನಕ ಎಲ್ಲ ರೋಲೂ ಒಂದೇ ಕಪ್ಪು ನೀಲಿ. ತೊಳೆದ ಮೇಲೆ ಒಂದೊಂದು ರೋಲು ಒಂದೊಂದು ನೀಲಿ. ಅದಕ್ಕೇ ಕಟಿಂಗ್ ಟೇಬಲ್ಲಿನಲ್ಲಿ ಪದರದ ಮೇಲೆ ಪದರ ಹಾಸಿ ಕತ್ತರಿಸಿದ ಮೇಲೆ, ಒಂದೇ ಪದರದ ತುಂಡುಗಳಿಗೆಲ್ಲ ಒಂದೇ ನಂಬರಿನ ಅಂಟುಚೀಟಿ ಹಚ್ಚುತ್ತಾರೆ. ಸೈಡ್ ಹೊಲಿಯುವವರು ಒಂದೇ ನಂಬರಿನ ಮುಂಭಾಗಕ್ಕೆ ಹಿಂಭಾಗ ಕೂಡಿಸಿ, ಚೀಟಿ ಕಿತ್ತುಹಾಕಬೇಕು. ನಂಬರು ತಪ್ಪಿದರೆ ವಾಷಿಂಗ್ ಮುಗಿಯುವ ತನಕ ದೇವರಿಗೂ ತಿಳಿಯುವುದಿಲ್ಲ.

ಆ ಲಾಟಿನಲ್ಲಿ ಒಂಬತ್ತು ಪ್ಯಾಂಟು ಮುಂದಿನಿಂದ ತಿಳಿ ನೀಲಿ, ಹಿಂದಿನಿಂದ ಕಡು ನೀಲಿ. ತೊಟ್ಟರೆ ಬರುವವನು ಒಬ್ಬ, ಹೋಗುವವನು ಇನ್ನೊಬ್ಬ. ಜೇಬಿನ ಬಟ್ಟೆಯ ಒಳಗೆ ಪೆನ್ನಿನಲ್ಲಿ ಬರೆದ ಬಂಡಲ್ ನಂಬರು ನೋಡಿದೆ. ಒಂಬತ್ತೂ ರತ್ನಮ್ಮ ಹೊಲಿದ ಬಂಡಲ್ಲು.

ಮ್ಯಾನೇಜರು ಕೆಂಪಾದರು. ಇಬ್ಬರನ್ನೇ ವಿಚಾರಿಸಬೇಕಿತ್ತು: ಹೊಲಿದ ರತ್ನಮ್ಮ, ಮತ್ತು ಬಟ್ಟೆ ಹಾಸಿ ನಂಬರು ಹಚ್ಚಿದ ಕಟಿಂಗ್ ವೀರೇಶ. ವಿಚಾರಣೆಯ ಗೌರವ ನನಗೆ ದೊರೆಯಿತು. ವೀರೇಶ ಎದೆಯೆತ್ತಿ ನಿಂತು, ನನ್ನ ಕಣ್ಣಿನಿಂದ ಕಣ್ಣು ಕೀಳದೆ, ಎಂಟು ವರ್ಷದಿಂದ ತನ್ನ ಕೈಯಲ್ಲಿ ಒಂದು ನಂಬರೂ ತಪ್ಪಿಲ್ಲ ಎಂದ. ಕಲ್ಲಿನಲ್ಲಿ ಕೊರೆದಂಥ ಉತ್ತರ. ಆಮೇಲೆ ರತ್ನಮ್ಮನ ಮಿಷನ್ ಹತ್ತಿರ ಹೋದೆ. ಅವಳು ಎದ್ದು ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಚಪ್ಪಲಿ ನೋಡಿದಳು. ನಂಬರು ನೋಡಿ ಹೊಲಿದೆಯಾ ಎಂದು, ಸಾಲಿಗೆಲ್ಲ ಕೇಳುವಂತೆ ಕೇಳಿದೆ.

“ನಂಬ್ರು ನೋಡ್ಕಂಡೇ ಹೊಲ್ದಿದೀನಿ ಮಾವಾ.”

ಎಂಜಲು ನುಂಗಿದಳು. ಮುಖ ಎತ್ತಿ ಹೇಳು ಎಂದೆ. ಎತ್ತಲಿಲ್ಲ. ಇನ್ನೊಮ್ಮೆ ಕೇಳಿದೆ, ತಲೆ ಇನ್ನೂ ಕೆಳಗೆ ಹೋಯಿತು. ಎರಡೂ ಲಕ್ಷಣ ಕೂಡಿಬಂದವು. ಶಾಸ್ತ್ರ ಸಿದ್ಧಿಸಿತು. “ಸುಳ್ಳು ಬ್ಯಾರೆ ಹೇಳ್ತೀಯ,” ಎಂದೆ ಸಾಲಿನ ಎದುರು. ಶನಿವಾರ ತೀರ್ಮಾನ, ಅಲ್ಲಿಯ ತನಕ ಮನೆಯಲ್ಲಿರಲಿ ಎಂದರು ಮ್ಯಾನೇಜರು. ಅವಳು ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಸುಳ್ಳು ಹೇಳಿ ಹೋದವಳು ಎಂದು ಹೆಸರು ಬಿದ್ದರೆ ಊರಿನ ಬೇರಾವ ಯೂನಿಟ್ಟೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅಂದು ನಾನು ಚೆನ್ನಾಗಿ ಊಟ ಮಾಡಿದೆ.

ಮಾರನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಾ, ರತ್ನವ್ವನ ಮಾತೇನು ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಒಂದು ಲಕ್ಷಣವನ್ನೂ ಬಿಡದೆ, ತರಬೇತಿ ಪಡೆದವನಂತೆ ವಿವರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಲ್ರಿ, ಆಕಿ ಗಂಡ ನಿಮಗ ಕಾಕಾ ಅಂತಾನ. ಆಕಿಗೆ ನೀವು ಮಾವ ಆಗ್ತೀರಿ. ಮಾವನ ಮಾರಿ ನೋಡಿ ಎದುರು ಮಾತಾಡಿದ್ರ ನೀವ ಏನಂತಿದ್ರಿ?”

ನಾನು ಏನೆನ್ನುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷವಷ್ಟೇ ಊರ ಕಟ್ಟೆಯ ಮೇಲೆ ಕೂತು, ಇನ್ನೊಬ್ಬರ ಸೊಸೆಯ ಬಗ್ಗೆ ಅಂದಿದ್ದೆ: ತಲೆ ಎತ್ತಿಕೊಂಡೇ ಹೋಗುತ್ತಾಳೆ, ಹಿರಿಯರೆಂಬ ಖಬರಿಲ್ಲ ಎಂದು. ಊರಲ್ಲಿ ತಲೆ ಎತ್ತಿದರೆ ಸೊಕ್ಕು, ಫ್ಯಾಕ್ಟರಿಯಲ್ಲಿ ತಗ್ಗಿಸಿದರೆ ಸುಳ್ಳು. ಒಂದೇ ಕುತ್ತಿಗೆಗೆ ಎರಡು ಕಾನೂನು, ಎರಡಕ್ಕೂ ನ್ಯಾಯಾಧೀಶ ನಾನೇ.

ಆದರೂ ಇದರಿಂದ ಅವಳು ನಿರಪರಾಧಿ ಎಂದಾಗಲಿಲ್ಲ. ಅವಳ ತಲೆ ಏನನ್ನೂ ಹೇಳುವುದಿಲ್ಲ ಎಂದಷ್ಟೇ ಆಯಿತು. ಯೂನಿಟ್ಟಿಗೆ ಹೋದವನು ಅವಳ ಖಾಲಿ ಮಿಷನ್ ಮುಂದೆ ನಿಂತೆ. ಪಕ್ಕದ ಮಿಷನ್ನಿನ ಮಾಬುನ್ನಿ ಹಿಂದಿನ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಸಾಲಿನಲ್ಲಿ ಅವಳಿಗೆ ಹೆದರದವರು ಯಾರೂ ಇರಲಿಲ್ಲ, ಓನರನ್ನೂ ಸೇರಿಸಿ. ಹೊಲಿಯುತ್ತಲೇ, ತಲೆ ಎತ್ತದೆ ಅಂದಳು:

“ಆಕಿ ಮಾರಿ ನೋಡಿದ್ದು ಸಾಕಾತು ಮಾಸ್ತರ. ಈಗರ ಬಗ್ಗಿ ಆಕಿ ಮಿಷನ್ ನೋಡ್ರಿ.”

ಬಗ್ಗಿದೆ. ನನ್ನ ವಯಸ್ಸಿನಲ್ಲಿ ಅದೇ ಒಂದು ಪ್ರಾಯಶ್ಚಿತ್ತ. ಮಿಷನ್ನಿನ ಹಲಗೆಯ ಕೆಳಮೈಗೆ ಕಿತ್ತ ಅಂಟುಚೀಟಿಗಳು ಸಾಲಾಗಿ ಹತ್ತಿಕೊಂಡಿದ್ದವು. ಬೇರೆಯವರು ಅವನ್ನು ನೆಲಕ್ಕೆ ಎಸೆಯುತ್ತಾರೆ. ಅವು ಅಂಗಾಲಿಗೆ ಅಂಟಿ ಮನೆ ಸೇರುತ್ತವೆ. ಇವಳು ಬಂಡಲ್ ಬಂಡಲ್ಲಿಗೆ ಸೀಮೆಸುಣ್ಣದ ಗೆರೆ ಎಳೆದು, ಮುಂಭಾಗದ ಚೀಟಿ, ಅದರ ಪಕ್ಕ ಹಿಂಭಾಗದ ಚೀಟಿ, ಜೋಡಿ ಜೋಡಿಯಾಗಿ ಅಂಟಿಸಿದ್ದಳು. ಆ ಬಂಡಲ್ಲುಗಳನ್ನು ಹುಡುಕಿ, ಮೊಣಕಾಲೂರಿ, ಕನ್ನಡಕ ಏರಿಸಿ ಓದಿದೆ. ಹದಿನೇಳಕ್ಕೆ ಹದಿನೇಳು, ಹದಿನೆಂಟಕ್ಕೆ ಹದಿನೆಂಟು. ಒಂದು ಜೋಡಿಯೂ ತಪ್ಪಿರಲಿಲ್ಲ.

ಅಂದರೆ ನಂಬರು ಸರಿ, ಹೊಲಿಗೆ ಸರಿ, ಬಣ್ಣ ಮಾತ್ರ ಬೇರೆ. ಒಂದೇ ಪದರದಲ್ಲಿ ಎರಡು ನೀಲಿ ಹೇಗೆ ಬಂತು?

ವೀರೇಶನ ಹತ್ತಿರ ಹೋದೆ. ಈ ಸಲ ಮುಖ ನೋಡಲಿಲ್ಲ, ತಪ್ಪು ನಿನ್ನದಾ ಎಂದೂ ಕೇಳಲಿಲ್ಲ. ಆ ಲಾಟನ್ನು ಹೇಗೆ ಹಾಸಿದೆಯೋ ಹಾಗೇ ಇನ್ನೊಮ್ಮೆ ಹಾಸಿ ತೋರಿಸಪ್ಪ, ಹೊಸಬರಿಗೆ ಕಲಿಸಬೇಕು ಎಂದೆ. ಇದೂ ಒಂದು ಸುಳ್ಳೇ, ಲೆಕ್ಕಕ್ಕೆ ಹಿಡಿದುಕೊಳ್ಳಿ. ಅವನು ಉತ್ಸಾಹದಿಂದ ರೋಲು ಬಿಚ್ಚಿದ. ಬಾಯಿ ಎಷ್ಟು ಬೇಕಾದರೂ ಸುಳ್ಳಾಡಬಹುದು, ಎಂಟು ವರ್ಷ ಪಳಗಿದ ಕೈಗೆ ಬರುವುದಿಲ್ಲ. ಪದರದ ಮೇಲೆ ಪದರ ಎಳೆದ, ಅಂಚು ಕೂಡಿಸಿದ, ತಟ್ಟಿದ. ರೋಲು ಪದರದ ನಡುವೆಯೇ ಮುಗಿಯಿತು. ಕೈ ತಂತಾನೇ ಇನ್ನೊಂದು ರೋಲಿನ ತುದಿ ಹಿಡಿದು, ಮುಗಿದ ಕಡೆಗೇ ತಂದು ಕೂಡಿಸಿತು. ಆಮೇಲೆ ಕೈ ಅಲ್ಲೇ ನಿಂತಿತು.

ನಾವಿಬ್ಬರೂ ಆ ಕೂಡಿಕೆಯನ್ನು ನೋಡುತ್ತಾ ನಿಂತೆವು. ಅರ್ಧ ಪದರ ಒಂದು ರೋಲಿನದು, ಅರ್ಧ ಇನ್ನೊಂದರದು; ಮುಂಭಾಗ ಅದರಲ್ಲಿ, ಹಿಂಭಾಗ ಇದರಲ್ಲಿ, ನಂಬರು ಮಾತ್ರ ಒಂದೇ. ನಡುವೆ ಮುಗಿದರೆ ಆ ತುಂಡನ್ನು ತೆಗೆದಿಟ್ಟು ಹೊಸ ಪದರವನ್ನೇ ಶುರುಮಾಡಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ.

“ತುಂಡು ಉಳಿದ್ರ ನೀವು, ಮ್ಯಾನೇಜರು, ಎಲ್ಲಾರ ಮುಂದ ಬೈತೀರಿ,” ಎಂದ ಮೆಲ್ಲಗೆ. “ಬಟ್ಟಿ ಹಾಳು ಮಾಡಿದಿ ಅಂತ ಹೋದ ತಿಂಗಳು ತುಂಡು ನನ್ನ ಕೊಳ್ಳಾಗ ಹಾಕಿ ನಿಲ್ಲಿಸಿದ್ರಿ. ನಂಬರ್ ತಪ್ಪಿಲ್ಲ ಅಂದೆ, ಖರೇನ ತಪ್ಪಿಲ್ರಿ. ಅಷ್ಟ ಹೇಳಿದೆ.”

ಹೌದು, ನಿಲ್ಲಿಸಿದ್ದೆವು. ಕೊರಳಿಗೆ ತುಂಡು ಹಾಕಿದ ಕೈ ನನ್ನದೇ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಈ ಜಾತಿಯ ಸುಳ್ಳೇ ಎಲ್ಲಕ್ಕಿಂತ ಗಟ್ಟಿ. ಎದೆಯೆತ್ತಿ, ಕಣ್ಣಿಗೆ ಕಣ್ಣು ಕೊಟ್ಟು ಹೇಳಬಹುದು. ಹೊಸಬರು ಇದನ್ನು ಬರೆದುಕೊಳ್ಳಲಿ: ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬಂದರೆ, ಪ್ರಶ್ನೆ ಸರಿಯಾಗಿತ್ತೇ ಎಂದು ನೋಡಿಕೊಳ್ಳಿ.

ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ, ಕೊರಳಿನ ವಿಷಯವನ್ನೂ ಸೇರಿಸಿ. ಅವರು ಕೆಟ್ಟ ಮನುಷ್ಯರಲ್ಲ. ವೀರೇಶನನ್ನು ಕೆಲಸದಿಂದ ತೆಗೆದರೆ ಇನ್ನೊಬ್ಬ ಬರುತ್ತಾನೆ, ಅವನೂ ಕೂಡಿಸುತ್ತಾನೆ ಎಂದರು. ಅಂದೇ ಕಟಿಂಗ್ ಟೇಬಲ್ಲಿನ ಪಕ್ಕ ಒಂದು ಬುಟ್ಟಿ ಇಡಿಸಿದರು: ನಡುವೆ ಉಳಿದ ತುಂಡು ಅದರಲ್ಲಿ ಹಾಕುವುದು, ಹಾಕಿದವರನ್ನು ಯಾರೂ ಏನೂ ಕೇಳುವಂತಿಲ್ಲ. ಆ ತುಂಡುಗಳಿಂದ ಜೇಬು, ಬೆಲ್ಟು ಪಟ್ಟಿ ಮಾಡಿಸಬಹುದೆಂದು ಆಮೇಲೆ ಹನುಮಂತನೇ ಉಪಾಯ ಹೇಳಿದ. ಲಾಟಿನಲ್ಲಿ ಎರಡು ನೀಲಿ ಬರುವುದು ನಿಂತಿತು. ಮೂರು ದಿನದ ತರಬೇತಿಯ ಬಗ್ಗೆ ಮ್ಯಾನೇಜರು ಮತ್ತೆ ಮಾತಾಡಲಿಲ್ಲ.

ಇನ್ನು ರತ್ನಮ್ಮ. ಮನೆಗೆ ಹೇಳಿ ಕಳಿಸಿದರೆ ಸಾಕು, ಶನಿವಾರ ಬರಲಿ ಎಂದರು ಮ್ಯಾನೇಜರು. ನನಗೆ ಸಾಕೆನಿಸಲಿಲ್ಲ. ಅಂದದ್ದು ಸಾಲಿನ ಎದುರು. ಹಿಂದಕ್ಕೆ ಪಡೆಯುವುದೂ ಅಲ್ಲೇ ಆಗಬೇಕು, ಅಷ್ಟೇ ದನಿಯಲ್ಲಿ. ಶನಿವಾರ ಅವಳು ಬಂದು ಮಿಷನ್ ಮುಂದೆ ಕೂತ ಮೇಲೆ, ಎಲ್ಲ ಮಿಷನ್ ನಿಲ್ಲಿಸಲು ಹೇಳಿದೆ. ಯೂನಿಟ್ಟು ಇಷ್ಟು ನಿಶ್ಶಬ್ದವಾದದ್ದನ್ನು ಕರೆಂಟು ಹೋದಾಗ ಬಿಟ್ಟರೆ ನಾನು ಕೇಳಿರಲಿಲ್ಲ. ಭಾಷಣ ಸಿದ್ಧಮಾಡಿಕೊಂಡಿದ್ದೆ; ‘ಮಾನವ ಸಹಜ ಪ್ರಮಾದ’ ಎಂಬ ಮಾತೂ ಅದರಲ್ಲಿತ್ತು. ಬಾಯಿಗೆ ಬಂದದ್ದು ಮೂರೇ ಮಾತು: ರತ್ನಮ್ಮ ನಂಬರು ನೋಡಿಯೇ ಹೊಲಿದಿದ್ದಾಳೆ. ಚೀಟಿ ನಾನೇ ಓದಿದೆ. ಸುಳ್ಳು ಹೇಳಿದಿ ಅಂದದ್ದು ನನ್ನ ತಪ್ಪು.

ಅವಳು ಎದ್ದು ನಿಂತಿದ್ದಳು. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ.

“ಆಯ್ತು ಬುಡಿ ಮಾವಾ,” ಅಂದಳು. ಹಲಗೆಯ ಕೆಳಗಿನ ಚೀಟಿಗಳ ಕಡೆ ಕೈ ತೋರಿಸಿ, “ಹುಳ ಸಾಕೋವಾಗ ಯಾವ ತಟ್ಟೆ ಯಾವ ದಿನದ್ದು ಅಂತ ಗುರುತು ಬಿಸಾಕಬ್ಯಾಡ ಅಂತ ನಮ್ಮವ್ವ ಹೇಳೋಳು. ಅಂಗೇ ರೂಢಿ ಆಗೈತೆ.”

ಮಾಬುನ್ನಿ ನನ್ನ ಕಡೆ ತಿರುಗಿದಳು. “ಮಾಸ್ತರ, ನೀವು ಯಾಕ ನೆಲ ನೋಡಿ ಮಾತಾಡಾಕ ಹತ್ತೀರಿ? ನಾವು ಏನಂತ ತಿಳ್ಕೊಬೇಕು?”

ಸಾಲು ನಕ್ಕಿತು. ರತ್ನಮ್ಮನೂ ಸೆರಗಿನೊಳಗೆ ನಕ್ಕಳು. ಮಿಷನ್ನುಗಳು ಶುರುವಾದವು.

ಅಂದೇ ಸಂಜೆ ರತ್ನಮ್ಮನ ಕೆಲಸ ಖಾಯಂ ಆಯಿತು. ಮುಂದಿನ ತಿಂಗಳು ಅವಳ ಗಂಡ ಬೆಂಗಳೂರಿನಿಂದ ಬಂದು ಇಸ್ತ್ರಿ ಸೆಕ್ಷನ್ನಿಗೆ ಸೇರಿದ, ರೈಲು ನಿಲ್ದಾಣದ ಹಿಂದೆ ಒಂದು ರೂಮು ಹಿಡಿದರು, ಮಗುವನ್ನು ಅಲ್ಲಿಗೇ ಕರೆತಂದರು. ಅವಳು ಹನ್ನೊಂದು ವರ್ಷ ಸೈಡ್ ಹೊಲಿದಳು. ನಾನು ನಿವೃತ್ತನಾದ ದಿನ ಚೆಕಿಂಗ್ ಟೇಬಲ್ಲನ್ನು ಅವಳಿಗೆ ಕೊಟ್ಟರು.